ಐದಕ್ಕೆ ನಲವತ್ತಾದರೆ ಎಂಟಕ್ಕೆಷ್ಟು? ಕನ್ನಡ ಗಣಿತಪಠ್ಯದ ವಾಕ್ಯರಚನೆ: ಒಂದು ವಿಮರ್ಶೆ

ಸಾರಾಂಶ

ದರ, ಅನುಪಾತ ಮತ್ತು ಬೀಜಗಣಿತದ ವಾಕ್ಯರೂಪದ ಸಮಸ್ಯೆಗಳ ಕನ್ನಡವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ಪ್ರಸ್ತುತ ಲೇಖನವು ವಾಕ್ಯರಚನೆಯತ್ತ ಗಮನ ಸೆಳೆಯುತ್ತದೆ. ಚತುರ್ಥೀ ವಿಭಕ್ತಿ, ಷಷ್ಠಿಯೊಡನೆ ಬರುವ 'ಅಷ್ಟು', ಹಾಗೂ 'ಎಷ್ಟೋ–ಅಷ್ಟು' ಎಂಬ ಸಾಪೇಕ್ಷ ರಚನೆ ಈ ಮೂರೂ ಗಣಿತಸಂಬಂಧಗಳನ್ನು ನಿಖರವಾಗಿ ಹೊರಬಲ್ಲವು. ಅನುವಾದಜನ್ಯ ಗದ್ಯವು ಇವುಗಳನ್ನು ಬಿಟ್ಟುಕೊಟ್ಟಿದೆ ಎಂದು ನಾವು ವಾದಿಸುತ್ತೇವೆ.

1. ಪದ ಮತ್ತು ವಾಕ್ಯ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು 'ಮೊಳಕ್ಕೆ ಇಪ್ಪತ್ತು, ಮೂರು ಮೊಳಕ್ಕೆ ಐವತ್ತು' ಎಂದರೆ ಜೊತೆಯಲ್ಲಿರುವ ಮಗುವಿಗೂ ಹತ್ತು ರೂಪಾಯಿ ಉಳಿಯಿತೆಂದು ತಿಳಿಯುತ್ತದೆ. ಅದೇ ಮಗು ಶಾಲೆಯ ಪುಸ್ತಕದಲ್ಲಿ ಅಷ್ಟೇ ಸುಲಭವಾದ ಲೆಕ್ಕದ ಎದುರು ತಡವರಿಸಿದರೆ, ಸಾಮಾನ್ಯವಾಗಿ ಎರಡು ತೀರ್ಮಾನಗಳು ಹೊರಡುತ್ತವೆ: ಮಗು ಗಣಿತದಲ್ಲಿ ಹಿಂದೆ, ಇಲ್ಲವೆ, ಗಣಿತಕ್ಕೆ ಕನ್ನಡ ಒಗ್ಗದು. ಎರಡನೆಯ ತೀರ್ಮಾನವು ಮಾಧ್ಯಮದ ಆಯ್ಕೆಯನ್ನೇ ನಿರ್ಧರಿಸುತ್ತದೆಯಾದ್ದರಿಂದ ಅದನ್ನು ಪರೀಕ್ಷಿಸುವ ಹೊಣೆ ಭಾಷಾವಿಜ್ಞಾನದ ಮೇಲಿದೆ.

ಈ ಎರಡು ವಾಕ್ಯಗಳನ್ನು ಗಮನಿಸಬಹುದು. (ಇಲ್ಲಿನ ಉದಾಹರಣೆಗಳೆಲ್ಲ ಚರ್ಚೆಗಾಗಿ ನಾವೇ ರಚಿಸಿದವು.)

(1) ಐದು ಮಾವಿನಹಣ್ಣಿಗೆ 40 ರೂಪಾಯಿಯಾದರೆ ಎಂಟು ಹಣ್ಣಿಗೆ ಎಷ್ಟು?

(2) 5 ಮಾವಿನಹಣ್ಣುಗಳ ಬೆಲೆಯು 40 ರೂಪಾಯಿಗಳಾಗಿದ್ದಲ್ಲಿ, ಅದೇ ದರದಲ್ಲಿ ಕೊಳ್ಳಲ್ಪಡುವ 8 ಮಾವಿನಹಣ್ಣುಗಳ ಮೇಲೆ ವ್ಯಯಿಸಬೇಕಾದ ಮೊತ್ತವನ್ನು ಕಂಡುಹಿಡಿಯಿರಿ.

ಉತ್ತರ ಎರಡಕ್ಕೂ 64 ರೂಪಾಯಿ. (2)ರಲ್ಲಿ ಕಠಿಣವಾದ ಪಾರಿಭಾಷಿಕ ಪದ ಒಂದೂ ಇಲ್ಲ. ಆದರೂ ಅದು ಭಾರವಾಗಿದೆ. ರಾಜ್ಯದ ಪ್ರೌಢಶಾಲೆಗಳ ಗಣಿತಪಠ್ಯವು ಇಂದು ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ರೂಪವಾಗಿರುವುದರಿಂದ, (2)ರ ಬಗೆಯ ಗದ್ಯ ಹೇಗೆ ಹುಟ್ಟುತ್ತದೆಂದು ಊಹಿಸುವುದು ಕಷ್ಟವಲ್ಲ: ಪದಗಳು ಕನ್ನಡಕ್ಕೆ ಬರುತ್ತವೆ, ಅವುಗಳ ನಡುವಣ ಹೆಣಿಗೆ ಆಕರಭಾಷೆಯದಾಗಿಯೇ ಉಳಿಯುತ್ತದೆ.

(2)ರ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. 'ಅದೇ ದರದಲ್ಲಿ' ಎಂಬ ನುಡಿ ವ್ಯರ್ಥವಲ್ಲ. ಮೊಳಕ್ಕೆ ಇಪ್ಪತ್ತಾಗಿಯೂ ಮೂರು ಮೊಳಕ್ಕೆ ಐವತ್ತಾಗುವ ಮಾರುಕಟ್ಟೆಯೇ ದರ ಸ್ಥಿರವೆಂದು ಭಾವಿಸುವಂತಿಲ್ಲವೆಂದು ತೋರಿಸಿಕೊಡುತ್ತದೆ. ಆದ್ದರಿಂದ ಬೀದಿಯ ಮಾತನ್ನು ಹಾಗೆಯೇ ಪುಸ್ತಕಕ್ಕೆ ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. '...40 ರೂಪಾಯಿಯಾದರೆ, ಅದೇ ದರದಲ್ಲಿ ಎಂಟು ಹಣ್ಣಿಗೆ ಎಷ್ಟು?' ಎಂದರೆ ಗಣಿತದ ನಿಖರತೆಯೂ ಉಳಿಯುತ್ತದೆ, ಕನ್ನಡದ ರಚನೆಯೂ ಉಳಿಯುತ್ತದೆ.

2. ದರದ ಚತುರ್ಥಿ

ಶಾಲಾ ವ್ಯಾಕರಣವು 'ಗೆ/ಕೆ' ಪ್ರತ್ಯಯವನ್ನು ಚತುರ್ಥಿಯೆಂದೂ ಅದರ ಕಾರಕಾರ್ಥವನ್ನು ಸಂಪ್ರದಾನವೆಂದೂ ಕಲಿಸುತ್ತದೆ. 'ಗಂಟೆಗೆ 60 ಕಿ.ಮೀ.', 'ಕಿಲೋಗೆ 40 ರೂಪಾಯಿ', 'ನೂರಕ್ಕೆ ಹದಿನೈದು' ಎನ್ನುವಲ್ಲಿ ಕೊಡುವವರೂ ಇಲ್ಲ, ಪಡೆಯುವವರೂ ಇಲ್ಲ. ಕನ್ನಡದ ವಿಭಕ್ತಿಗಳನ್ನು ಸಂಸ್ಕೃತದ ಕಾರಕಗಳ ಚೌಕಟ್ಟಿನಲ್ಲಿ ವಿವರಿಸುವುದರ ತೊಡಕನ್ನು ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಮೊದಲಾದ ಕೃತಿಗಳಲ್ಲಿ ಚರ್ಚಿಸಿದ್ದಾರೆ. ದರದ ಚತುರ್ಥಿ ಆ ತೊಡಕಿಗೆ ಒಳ್ಳೆಯ ನಿದರ್ಶನ: ನಿತ್ಯ ಬಳಕೆಯಲ್ಲಿದ್ದರೂ ಶಾಲಾ ವ್ಯಾಕರಣದಲ್ಲಿ ಅದಕ್ಕೊಂದು ಹೆಸರಿಲ್ಲ.

ಅದರ ಕೆಲಸ ಮಾತ್ರ ಬಹಳ ಸ್ಪಷ್ಟ. ಭಾರತೀಯ ಗಣಿತಪರಂಪರೆ ಇಂತಹ ಲೆಕ್ಕವನ್ನು ತ್ರೈರಾಶಿಕವೆಂದು ಕರೆಯಿತು. ಆರ್ಯಭಟನ ಕಾಲದಿಂದಲೂ ಅದರ ಮೂರು ರಾಶಿಗಳ ಹೆಸರು ಪ್ರಮಾಣ, ಫಲ, ಇಚ್ಛೆ; ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂಬುದು ನಿಯಮ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಒಂದು ಅಧ್ಯಾಯವನ್ನೇ ತ್ರೈರಾಶಿಕಕ್ಕೆ ಮೀಸಲಿಟ್ಟಿದ್ದಾನೆ. ಸಂಸ್ಕೃತದಲ್ಲಿರುವ ಆ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮನವರು ಕನ್ನಡಕ್ಕೆ ತಂದಿದ್ದಾರೆ.

ಈಗ (1)ನ್ನು ಮತ್ತೆ ನೋಡೋಣ. 'ಐದು ಹಣ್ಣಿಗೆ' ಪ್ರಮಾಣ, '40 ರೂಪಾಯಿ' ಫಲ, 'ಎಂಟು ಹಣ್ಣಿಗೆ' ಇಚ್ಛೆ. ಒಂದೇ ಜಾತಿಯ ಎರಡು ರಾಶಿಗಳು ಒಂದೇ ವಿಭಕ್ತಿಯಲ್ಲಿವೆ. ರಾಶಿಗಳ ಕ್ರಮವೂ ಶಾಸ್ತ್ರೋಕ್ತ ಕ್ರಮವೇ. ಗಣಿತದ ನಿಯಮವು ಇಲ್ಲಿ ವಾಕ್ಯದ ಮೇಲ್ಮೈಯಲ್ಲೇ ಕಾಣುತ್ತದೆ. (2)ರಲ್ಲಿ ಪ್ರಮಾಣ ಷಷ್ಠಿಯಲ್ಲಿದೆ, ಇಚ್ಛೆ 'ಮೇಲೆ' ಎಂಬುದರ ಹಿಂದೆ ಸೇರಿಕೊಂಡಿದೆ. ಇವೆರಡೂ ಒಂದೇ ಸಾಲಿನ ರಾಶಿಗಳೆಂಬ ಸೂಚನೆ ಅಳಿಸಿಹೋಗಿದೆ.

ಚತುರ್ಥಿ ಇನ್ನೂ ಒಂದು ಸಂಗತಿಯನ್ನು ಹೇಳುತ್ತದೆ: ದರ ಯಾವುದರ ಮೇಲೆ ನಿಂತಿದೆಯೆಂಬುದನ್ನು. ಮೈಸೂರಿನಿಂದ ಬೆಂಗಳೂರಿಗೆ 140 ಕಿ.ಮೀ. ಎಂದಿಟ್ಟುಕೊಳ್ಳೋಣ. ಬಸ್ಸು ಹೋಗುವಾಗ ಗಂಟೆಗೆ 70, ಬರುವಾಗ ಗಂಟೆಗೆ 35 ಕಿ.ಮೀ. ವೇಗದಲ್ಲಿ ಓಡಿದರೆ ಸರಾಸರಿ ವೇಗವೆಷ್ಟು? ಎರಡನ್ನೂ ಕೂಡಿ ಅರ್ಧಿಸಿ 52.5 ಎನ್ನುವುದು ಪರಿಚಿತವಾದ ತಪ್ಪು. 'ಗಂಟೆಗೆ' ಎಂಬ ಪದವೇ ಎಣಿಸಬೇಕಾದದ್ದು ಗಂಟೆಗಳನ್ನು ಎಂದು ಸೂಚಿಸುತ್ತಿದೆ: 2 ಗಂಟೆ, 4 ಗಂಟೆ, 280 ಕಿ.ಮೀ.ಯನ್ನು 6ರಿಂದ ಭಾಗಿಸಿದರೆ ಗಂಟೆಗೆ 46⅔ ಕಿ.ಮೀ. ಪಠ್ಯಗಳಲ್ಲಿ ಸಾಮಾನ್ಯವಾಗಿರುವ 'ಪ್ರತಿ ಗಂಟೆಗೆ' ಎಂಬ ರೂಪ ವ್ಯಾಕರಣದೃಷ್ಟಿಯಿಂದ ತಪ್ಪಲ್ಲ. ಆದರೆ 'ಪ್ರತಿ' ಸೇರಿದೊಡನೆ ಒಂದೊಂದು ಗಂಟೆಯಲ್ಲಿಯೂ ಅಷ್ಟೇ ದೂರ ಎಂಬ ಅರ್ಥಕ್ಕೆ ಎಡೆಯಾಗುತ್ತದೆ. ಸರಾಸರಿಯ ಲೆಕ್ಕದಲ್ಲಿ ಅದು ಬೇಡದ ಅರ್ಥ.

3. ಷಷ್ಠಿ, 'ಗಿಂತ' ಮತ್ತು ಅನುಪಾತ

ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಣಿತಶಿಕ್ಷಣದಲ್ಲಿ ಪ್ರಸಿದ್ಧವಾಗಿದೆ. ವಿದ್ಯಾರ್ಥಿಗಳ ಸಂಖ್ಯೆ ಅಧ್ಯಾಪಕರ ಸಂಖ್ಯೆಯ ಆರರಷ್ಟು ಎಂಬುದನ್ನು ಸಮೀಕರಣವಾಗಿ ಬರೆಯಲು ಕೇಳಿದಾಗ, ಎಂಜಿನಿಯರಿಂಗ್ ಮೊದಲ ವರ್ಷದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪು ಮಾಡಿದರು. ಬಹುಪಾಲು ತಪ್ಪು ಸಂಬಂಧವನ್ನು ತಿರುವುಮುರುವಾಗಿಸಿದ ತಪ್ಪು. ಇಂಗ್ಲಿಷ್ ವಾಕ್ಯದಲ್ಲಿ 'ಆರು' ಎಂಬುದರ ಹಿಂದೆಯೇ 'ವಿದ್ಯಾರ್ಥಿಗಳು' ಬರುತ್ತದೆ. ಪದಕ್ರಮವನ್ನು ಅನುಸರಿಸಿದವರು ಆರನ್ನು ವಿದ್ಯಾರ್ಥಿಗಳ ಸಂಖ್ಯೆಗೆ ಗುಣಿಸಿಬಿಡುತ್ತಾರೆ.

ಕನ್ನಡದ ಮೂರು ರೂಪಗಳನ್ನು ಹೋಲಿಸೋಣ.

(3) ಅಧ್ಯಾಪಕರ ಸಂಖ್ಯೆಯ ಆರರಷ್ಟು ವಿದ್ಯಾರ್ಥಿಗಳಿದ್ದಾರೆ.

(4) ಅಧ್ಯಾಪಕರಿಗಿಂತ ಆರು ಪಟ್ಟು ಹೆಚ್ಚು ವಿದ್ಯಾರ್ಥಿಗಳಿದ್ದಾರೆ.

(5) ಒಬ್ಬ ಅಧ್ಯಾಪಕರಿಗೆ ಆರು ಮಂದಿ ವಿದ್ಯಾರ್ಥಿಗಳಿದ್ದಾರೆ.

(3)ರಲ್ಲಿ ಷಷ್ಠಿಯು ಗುಣಕವನ್ನು ಅದರ ಆಧಾರಕ್ಕೆ ಕಟ್ಟಿಹಾಕುತ್ತದೆ. ಎಡದಿಂದ ಬಲಕ್ಕೆ ಓದುತ್ತ ಬರೆದರೆ 'ಅ × 6 = ವಿ' ಎಂಬ ಸರಿಯಾದ ಸಮೀಕರಣವೇ ದೊರೆಯುತ್ತದೆ. (4)ರಲ್ಲಿ ಆ ಕಟ್ಟು ಬಿಚ್ಚಿದೆ. 'ಆರು ಪಟ್ಟು' ವಿದ್ಯಾರ್ಥಿಗಳತ್ತ ಸರಿದಿದೆ. ಜೊತೆಗೆ 'ಗಿಂತ ... ಹೆಚ್ಚು' ವ್ಯತ್ಯಾಸವನ್ನು ಹೇಳುವ ರಚನೆಯಾದ್ದರಿಂದ, ಒಟ್ಟು ಆರರಷ್ಟೋ ಏಳರಷ್ಟೋ ಎಂಬ ಸಂದೇಹಕ್ಕೂ ಆಸ್ಪದವಿದೆ. ಕನ್ನಡವು ಗುಣಾಕಾರದ ಹೋಲಿಕೆಗೆ ಷಷ್ಠಿಯನ್ನೂ ವ್ಯತ್ಯಾಸದ ಹೋಲಿಕೆಗೆ 'ಗಿಂತ'ವನ್ನೂ ಇಟ್ಟುಕೊಂಡಿರುವಾಗ, ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುವ (4) ಲೆಕ್ಕದ ಪುಸ್ತಕಕ್ಕೆ ಸಲ್ಲದು.

(5) ಶುದ್ಧ ಕನ್ನಡ. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎನ್ನುವ ಅಡುಗೆಮನೆಯ ಕನ್ನಡವೂ ಇದೇ. ಅನುಪಾತವನ್ನು ಮನಸ್ಸಿಗೆ ತರುವುದಕ್ಕೆ ಇದಕ್ಕಿಂತ ಉತ್ತಮ ರಚನೆಯಿಲ್ಲ. ಆದರೆ ಅದು ಕೊಡುವುದು ಒಂದು ಚಿತ್ರ: ಇತ್ತ ಒಬ್ಬರು, ಅತ್ತ ಆರು ಜನ. ಕ್ಲೆಮೆಂಟ್ ಗುರುತಿಸಿದ ಎರಡನೆಯ ಕಾರಣ ಇಂತಹ ಚಿತ್ರವೇ. ದೊಡ್ಡ ಗುಂಪಿನ ಪಕ್ಕದಲ್ಲಿ ದೊಡ್ಡ ಸಂಖ್ಯೆಯನ್ನು ಬರೆಯುವ ಪ್ರವೃತ್ತಿ. ಹೀಗಾಗಿ ಅನುಪಾತವನ್ನು ಪರಿಚಯಿಸುವ ಪಾಠದಲ್ಲಿ (5), ಸಮೀಕರಣಕ್ಕೆ ದಾಟುವ ಪಾಠದಲ್ಲಿ (3) ಇರಬೇಕು. ಮೊದಲನೆಯದರಿಂದ ಎರಡನೆಯದಕ್ಕೆ ಪರಿವರ್ತಿಸುವುದೇ ಒಂದು ಅಭ್ಯಾಸವಾಗಬೇಕು. ಕನ್ನಡದ ಪದಕ್ರಮ ಮೊದಲನೆಯ ಕಾರಣವನ್ನಷ್ಟೇ ನಿವಾರಿಸಬಲ್ಲದು. ಎರಡನೆಯದಕ್ಕೆ ಬೋಧನೆಯೇ ಬೇಕು.

4. 'ಎಷ್ಟೋ' ಎಂಬ ಅವ್ಯಕ್ತ

ವಯಸ್ಸಿನ ಲೆಕ್ಕಗಳು ಬೀಜಗಣಿತದ ಪಾಠಗಳಲ್ಲಿ ತಪ್ಪದೆ ಬರುತ್ತವೆ.

(6) 5 ವರ್ಷಗಳ ಹಿಂದೆ ತಾಯಿಯ ವಯಸ್ಸು ಮಗಳ ವಯಸ್ಸಿನ 6ರಷ್ಟಾಗಿತ್ತು. 15 ವರ್ಷಗಳ ನಂತರ ತಾಯಿಯ ವಯಸ್ಸು ಮಗಳ ವಯಸ್ಸಿನ 2ರಷ್ಟಾಗುವುದು.

(7) ಐದು ವರ್ಷದ ಹಿಂದೆ ಮಗಳಿಗೆ ಎಷ್ಟು ವಯಸ್ಸಾಗಿತ್ತೋ ಅದರ ಆರರಷ್ಟು ತಾಯಿಗಾಗಿತ್ತು. ಇನ್ನು ಹದಿನೈದು ವರ್ಷಕ್ಕೆ ಮಗಳಿಗೆ ಎಷ್ಟಾಗುತ್ತದೋ ಅದರ ಎರಡರಷ್ಟು ತಾಯಿಗಾಗುತ್ತದೆ.

ಮಗಳಿಗೆ 10, ತಾಯಿಗೆ 35. (6)ರಲ್ಲಿ 'ಮಗಳ ವಯಸ್ಸು' ಈಗಿನದೋ ಆಗಿನದೋ ಎಂಬುದನ್ನು ಓದುಗರೇ ಊಹಿಸಬೇಕು. ಈಗಿನ ವಯಸ್ಸನ್ನು 'ಮ' ಎಂದಿಟ್ಟುಕೊಂಡವರು '6 × (ಮ − 5)' ಎನ್ನುವ ಬದಲು '6 × ಮ' ಎಂದೋ '6 × ಮ − 5' ಎಂದೋ ಬರೆಯಲು ದಾರಿ ತೆರೆದಿದೆ. (7)ರಲ್ಲಿ 'ಎಷ್ಟೋ' ಒಂದು ಅಜ್ಞಾತ ರಾಶಿಯನ್ನು ಸ್ಥಾಪಿಸುತ್ತದೆ. 'ಅದರ' ಎಂಬ ಸರ್ವನಾಮವು ಹಿಂದಿನ ಉಪವಾಕ್ಯವನ್ನು ಇಡಿಯಾಗಿ ಎತ್ತಿಕೊಳ್ಳುತ್ತದೆ. ಬೀಜಗಣಿತದಲ್ಲಿ ಆವರಣಚಿಹ್ನೆ ಮಾಡುವ ಕೆಲಸವನ್ನು ಇಲ್ಲಿ 'ಅದರ' ಮಾಡುತ್ತಿದೆ.

ಈ ಸಾಮ್ಯ ಆಕಸ್ಮಿಕವಲ್ಲ. ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಮೊದಲ ಅವ್ಯಕ್ತ ರಾಶಿಯ ಹೆಸರು 'ಯಾವತ್ತಾವತ್'. ಎಷ್ಟೋ ಅಷ್ಟು ಎಂಬುದೇ ಅದರ ಅರ್ಥ. ಇತರ ಅವ್ಯಕ್ತಗಳಿಗೆ ಕಾಲಕ, ನೀಲಕ, ಪೀತಕ ಮುಂತಾದ ಬಣ್ಣಗಳ ಹೆಸರು ಬಂದವು. ಮೊದಲನೆಯದಕ್ಕೆ ಮಾತ್ರ ಒಂದು ವಾಕ್ಯರಚನೆಯೇ ಹೆಸರಾಯಿತು. 'ಎಕ್ಸ್ ಆಗಿರಲಿ' ಎಂಬ ಸೂತ್ರವನ್ನು ಮೇಲಿನಿಂದ ಹೇರುವ ಮೊದಲು, ಮಕ್ಕಳ ಮಾತಿನಲ್ಲಿ ಆಗಲೇ ಇರುವ ಈ 'ಎಷ್ಟೋ'ವನ್ನು ತೋರಿಸಿ, ಅದರ ಜಾಗದಲ್ಲಿ ಅಕ್ಷರವನ್ನಿಡಲು ಕಲಿಸಬಹುದು.

5. ಮಿತಿಗಳು ಮತ್ತು ಮುಂದಿನ ಕೆಲಸ

ನಮ್ಮದು ವ್ಯಾಕರಣದ ವಾದ. ತರಗತಿಯ ಪ್ರಯೋಗದ ಸ್ಥಾನವನ್ನು ಅದು ತುಂಬಲಾರದು. ಕನ್ನಡದ ರಚನೆಗಳೆಲ್ಲವೂ ಲೆಕ್ಕಕ್ಕೆ ಅನುಕೂಲವೆಂದೂ ನಾವು ಹೇಳುತ್ತಿಲ್ಲ. ಕೃದಂತಗಳನ್ನು ಒಂದರ ಮೇಲೊಂದು ಪೇರಿಸಿದ ದೀರ್ಘವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಬರುವವರೆಗೂ ಓದುಗರು ಎಲ್ಲ ರಾಶಿಗಳನ್ನೂ ನೆನಪಿನಲ್ಲಿ ಹೊತ್ತಿರಬೇಕಾಗುತ್ತದೆ. ಪ್ರಾಚೀನ ಗ್ರಂಥಗಳನ್ನು ಆದರ್ಶವಾಗಿ ನಿಲ್ಲಿಸುವುದೂ ಸರಿಯಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ' ಕನ್ನಡದಲ್ಲಿ ಗಣಿತವನ್ನು ಬರೆಯಬಹುದೆಂದು ತೋರಿಸಿಕೊಟ್ಟ ಕೃತಿ. ಆದರೆ ಅದರ ಸೂತ್ರಗಳು ಛಂದಸ್ಸಿಗೆ ಬದ್ಧವಾಗಿವೆ, ಇಂದಿನ ವಿದ್ಯಾರ್ಥಿಗೆ ಅದರ ಭಾಷೆ ದೂರದ್ದು. ಅಲ್ಲಿಂದ ಪಡೆಯಬೇಕಾದದ್ದು ಧೈರ್ಯ, ವಾಕ್ಯಗಳ ಮಾದರಿಯಲ್ಲ.

ಅನುವಾದಕರನ್ನು ದೂರುವುದೂ ನಮ್ಮ ಉದ್ದೇಶವಲ್ಲ. ಅವರ ಕೈಗೆ ಪಾರಿಭಾಷಿಕ ಪದಕೋಶಗಳನ್ನು ಕೊಡಲಾಗಿದೆ, ವಾಕ್ಯಮಾದರಿಗಳ ಕೈಪಿಡಿಯನ್ನು ಕೊಟ್ಟಿಲ್ಲ. ದರಕ್ಕೆ ಚತುರ್ಥಿ, ಗುಣಾಕಾರದ ಹೋಲಿಕೆಗೆ ಷಷ್ಠಿ ಮತ್ತು 'ಅಷ್ಟು', ವ್ಯತ್ಯಾಸಕ್ಕೆ 'ಗಿಂತ', ಅಜ್ಞಾತಕ್ಕೆ 'ಎಷ್ಟೋ–ಅಷ್ಟು': ಇಷ್ಟು ನಾಲ್ಕು ನಿಯಮಗಳಿಂದಲೇ ಅಂತಹ ಕೈಪಿಡಿಯನ್ನು ಆರಂಭಿಸಬಹುದು. ಅದನ್ನು ಪರೀಕ್ಷಿಸುವ ಕ್ರಮವೂ ಸರಳ. (3) ಮತ್ತು (4)ರಂತಹ, (6) ಮತ್ತು (7)ರಂತಹ ಜೋಡಿಗಳನ್ನು ಸಮಾನ ಗುಂಪುಗಳಿಗೆ ಕೊಟ್ಟು, ಉತ್ತರಗಳಿಗಿಂತ ಹೆಚ್ಚಾಗಿ ಅವರು ಬರೆದ ಸಮೀಕರಣಗಳನ್ನು ಹೋಲಿಸಬೇಕು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇರುವ ಮೈಸೂರಿಗಿಂತ ಈ ಜಂಟಿ ಕೆಲಸಕ್ಕೆ ತಕ್ಕ ಊರು ಬೇರೆಯಿಲ್ಲ. ಆ ಕೆಲಸ ನಡೆಯುವವರೆಗೆ, ಕನ್ನಡ ಮಾಧ್ಯಮದ ಮಗುವೊಂದು ತಪ್ಪು ಸಮೀಕರಣ ಬರೆದಾಗ, ಅಂಕ ಕಳೆಯುವ ಮೊದಲು ಪ್ರಶ್ನೆಯ ವಾಕ್ಯವನ್ನು ಇನ್ನೊಮ್ಮೆ ಓದುವುದು ನ್ಯಾಯ.