ಮರೆತವರ ವಿಶ್ವಾಸವನ್ನು ನೆನೆಯುವವರು ಯಾರು?

2022ರ ಫೆಬ್ರವರಿ 23ರಿಂದ ಆಗಸ್ಟ್ 24ರವರೆಗೆ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ಬುಧವಾರದ ಸಾರ್ವಜನಿಕ ದರ್ಶನಗಳಲ್ಲಿ ವೃದ್ಧಾಪ್ಯವನ್ನು ಕುರಿತು ನೀಡಿದ 18 ಧರ್ಮೋಪದೇಶಗಳು, ವೃದ್ಧರ ಸಂಖ್ಯೆ ಹೆಚ್ಚುತ್ತಿರುವ ಸಮಾಜಕ್ಕೆ ಧರ್ಮಸಭೆ ಕೊಟ್ಟ ಗಂಭೀರ ಉತ್ತರಗಳಲ್ಲೊಂದು. ಅವುಗಳನ್ನು ಬಿಡಿಬಿಡಿಯಾಗಿ ಉದ್ಧರಿಸುವುದಕ್ಕಿಂತ ಅನುಕ್ರಮವಾಗಿ ಓದುವುದು ಲೇಸೆಂದು ನಮ್ಮ ಅಭಿಪ್ರಾಯ.

ಆರಂಭದ ಉಪದೇಶಗಳಲ್ಲಿ ವೃದ್ಧರು ಕೊಡುವವರು. ಮರಣದ ಹೊಸ್ತಿಲಲ್ಲಿ ನಿಂತ ಮೋಶೆ ದೇವರ ಮಹತ್ಕಾರ್ಯಗಳ ನೆನಪನ್ನು ಮುಂದಿನ ಪೀಳಿಗೆಗೆ ಒಪ್ಪಿಸುತ್ತಾನೆ. ಸಿಮೆಯೋನನೂ ಅನ್ನಳೂ ದೇವಾಲಯಕ್ಕೆ ಬಂದ ಶಿಶುವನ್ನು ಗುರುತಿಸುತ್ತಾರೆ. ವಿಶ್ವಾಸವು ಬರಿಯ ಪುಸ್ತಕದಿಂದಲ್ಲ, ಬಾಳಿದವರ ಬಾಯಿಂದ ಬರುತ್ತದೆಂಬ ಈ ಚಿಂತನೆ ಸತ್ಯವೇ. ನಮ್ಮ ಧರ್ಮಕೇಂದ್ರಗಳು ಇದನ್ನು ಬೇಗ ಮೈಗೂಡಿಸಿಕೊಂಡಿವೆ. 2021ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಆಚರಿಸುವ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನದಂದು ಹಿರಿಯರಿಗೆ ಶಾಲು ಹೊದಿಸಿ, ಅವರಿಂದ ಎರಡು ಹಿತವಚನ ಹೇಳಿಸುತ್ತೇವೆ.

ಆದರೆ ಇಲ್ಲೊಂದು ಅಪಾಯ ಅಡಗಿದೆ. ನೆನಪು ಮತ್ತು ವಿವೇಕಗಳಿಂದಲೇ ವೃದ್ಧರ ಘನತೆಯನ್ನು ಸಮರ್ಥಿಸಿದರೆ, ಮರೆವಿನ ಕಾಯಿಲೆಯಿಂದ ಮಗನ ಹೆಸರನ್ನೂ ಜಪಸರದ ಪ್ರಾರ್ಥನೆಯನ್ನೂ ಕಳೆದುಕೊಂಡ ತಾಯಿಯ ವಿಷಯದಲ್ಲಿ ಏನು ಹೇಳೋಣ? ಹದಿನೆಂಟರಲ್ಲಿ ಒಂದು ಉಪದೇಶವೂ ಅಂಥವರಿಗೆಂದೇ ಮೀಸಲಾಗಿಲ್ಲ. ಇದನ್ನು ಮಾಲಿಕೆಯ ಕೊರತೆಯೆಂದೇ ನಾವು ಭಾವಿಸುತ್ತೇವೆ.

ಕೊರತೆಯನ್ನು ತುಂಬುವ ದಾರಿಯನ್ನೂ ಮಾಲಿಕೆಯೇ ತೋರಿದೆ. ಜೂನ್ 22ರ ಉಪದೇಶವು ಯೊವಾನ್ನರ ಶುಭಸಂದೇಶದ ಕಡೆಯ ಅಧ್ಯಾಯವನ್ನು ತೆರೆಯುತ್ತದೆ. ಮುಪ್ಪಿನಲ್ಲಿ ಪೇತ್ರನ ನಡುವನ್ನು ಬೇರೊಬ್ಬರು ಕಟ್ಟುವರೆಂದು ಪುನರುತ್ಥಾನರಾದ ಯೇಸು ತಿಳಿಸುವ ಪ್ರಸಂಗವದು. ಮಂಡಿನೋವಿನಿಂದ ಗಾಲಿಕುರ್ಚಿಯನ್ನು ಅವಲಂಬಿಸಿದ್ದ 85 ವರ್ಷದ ಜಗದ್ಗುರುಗಳ ಬಾಯಲ್ಲಿ ಅದಕ್ಕೆ ವಿಶೇಷ ತೂಕವಿತ್ತು. ಇಲ್ಲಿ ಶಿಷ್ಯತ್ವವೆಂದರೆ ಪರರ ಕೈಗೆ ತನ್ನನ್ನು ಒಪ್ಪಿಸಿಕೊಳ್ಳುವುದು.

ಧರ್ಮಸಭೆಯ ಸಂಸ್ಕಾರವಿಧಿಗೆ ಇದು ಹೊಸತಲ್ಲ. 1983ರ ಕಾನೂನು ಸಂಹಿತೆಯ 1004ನೆಯ ವಿಧಿಯು ಮುಪ್ಪಿನಿಂದ ಅಪಾಯಕ್ಕೊಳಗಾದವರಿಗೂ ಅಭ್ಯಂಗ ಸಂಸ್ಕಾರವನ್ನು ಅನುಮತಿಸುತ್ತದೆ. ಬುದ್ಧಿ ಸ್ವಾಧೀನದಲ್ಲಿದ್ದಾಗ ಪರೋಕ್ಷವಾಗಿಯಾದರೂ ಅದನ್ನು ಕೋರಿದ್ದ ರೋಗಿಗಳಿಗೆ ನೀಡಬೇಕೆಂದು 1006ನೆಯ ವಿಧಿ ಹೇಳುತ್ತದೆ. ಅಂದರೆ, ಆ ತಾಯಿ ಮರೆತ ಬಯಕೆಯನ್ನು ಧರ್ಮಸಭೆ ಆಕೆಗಾಗಿ ನೆನಪಿಟ್ಟುಕೊಳ್ಳುತ್ತದೆ. ವಿಶ್ವಾಸವು ಒಬ್ಬೊಬ್ಬರ ಜ್ಞಾಪಕಶಕ್ತಿಗಷ್ಟೇ ಸೇರಿದ ಸೊತ್ತಲ್ಲ.

ಪರಮಪ್ರಸಾದದೊಂದಿಗೆ ಮನೆಮನೆಗೆ ಹೋಗುವಾಗ, ಗುರುತು ಹಿಡಿಯಲಾರದ ಹಿರಿಯರನ್ನು ಪಟ್ಟಿಯಿಂದ ಕೈಬಿಡುವುದುಂಟು. ನಾವೂ ಹಿಂದೆ ಹಾಗೆ ಕೈಬಿಟ್ಟವರೇ. ಆಕೆಗೇನೂ ತಿಳಿಯುವುದಿಲ್ಲ ಎಂಬುದು ಆಗ ನಾವು ಕೊಟ್ಟುಕೊಂಡ ಕಾರಣ. ಏನೂ ತಿಳಿಯದ ಶಿಶುವಿಗೆ ಜ್ಞಾನಸ್ನಾನ ನೀಡುವ ಗುರುವಿಗೆ ಆ ಕಾರಣ ಒಪ್ಪುವುದಿಲ್ಲ.