ಮೂರು ಮತ್ತು ಮೂವತ್ತಮೂರು

ವೈದ್ಯಕೀಯ ಪ್ರಬಂಧದ ಸಾರಾಂಶವೆಂದರೆ ಹಳೆಯ ಶಾಸ್ತ್ರದ ಸೂತ್ರವಿದ್ದ ಹಾಗೆ. ಪದಪದವನ್ನೂ ಬಿಡಿಸಿ ನೋಡದಿದ್ದರೆ ಏನೂ ದಕ್ಕುವುದಿಲ್ಲ. ಉತ್ತರ ಉಗಾಂಡಾದ ಗುಲುವಿನಲ್ಲಿ ನಡೆದು, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನ 2022ರ ಜನವರಿ ಸಂಚಿಕೆಯಲ್ಲಿ ಅಚ್ಚಾದ ಒಂದು ಅಧ್ಯಯನವನ್ನು ನನ್ನದೇ ಮಾತಿನಲ್ಲಿ ಆರು ಸಾಲಿಗೆ ಇಳಿಸಿಕೊಂಡು ಬಿಡಿಸಲು ಕೂತಿದ್ದೇನೆ. ಅಮೆರಿಕದ ಆಂಡ್ರಿಯಾ ಬೀಟನ್, ಉಗಾಂಡಾ ಹೃದ್ರೋಗ ಸಂಸ್ಥೆಯ ಎಮ್ಮಿ ಒಕೆಲ್ಲೊ ಮತ್ತವರ ಸಂಗಡಿಗರ ಕೆಲಸ ಇದು.

1. ಅಧ್ಯಯನದ ಹೆಸರು ‘ಗೋಲ್’.

ಇಂಗ್ಲಿಷಿನ ಗುರಿ ಇರಬೇಕು ಅಂದುಕೊಂಡು ದಾಟಿಬಿಡಬಾರದು. ಅಲ್ಲಿನ ಅಚೋಲಿ ಭಾಷೆಯ ‘ಗ್ವೋಕೊ ಅದುನು ಪಾ ಲುತಿನೊ’ ಎಂಬ ಮಾತಿನಿಂದ ಅಕ್ಷರಗಳನ್ನು ಆಯ್ದು ಕಟ್ಟಿದ ಹೆಸರದು. ಮಕ್ಕಳ ಹೃದಯ ಕಾಯುವುದು ಎಂದು ಅರ್ಥ.

2. ಸುಪ್ತ ರುಮ್ಯಾಟಿಕ್ ಹೃದ್ರೋಗವಿರುವ, 5ರಿಂದ 17 ವರ್ಷದ ಮಕ್ಕಳು ಸೇರಿದರು.

ರುಮ್ಯಾಟಿಕ್ ಹೃದ್ರೋಗ ಹುಟ್ಟಿನಿಂದ ಬಂದ ತೂತಲ್ಲ. ಗಂಟಲುನೋವಿನಿಂದ ಶುರುವಾಗುವ ಕಾಯಿಲೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದಾಗ ದೇಹ ಅದರ ಮೇಲೆ ಪಡೆ ಕಟ್ಟುತ್ತದೆ. ಕೆಲವು ಮಕ್ಕಳಲ್ಲಿ ಆ ಪಡೆ ಗುರುತು ತಪ್ಪಿ, ಎರಡು ಮೂರು ವಾರದಲ್ಲಿ ಸ್ವಂತ ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ಬೀಳುತ್ತದೆ. ಕೀಲಿನ ಬಾವು ಇಳಿದುಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಮತ್ತೆ ಗಂಟಲು ಕೆಟ್ಟರೆ ಗಾಯದ ಮೇಲೆ ಗಾಯ. ವರ್ಷಗಳು ಕಳೆದಂತೆ ಮೈಟ್ರಲ್ ಕವಾಟ ಸೋರುತ್ತದೆ, ಇಲ್ಲವೇ ದಪ್ಪಗಾಗಿ ಬಾಯಿ ಕಿರಿದಾಗುತ್ತದೆ. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿ ಬಲೂನಿನಿಂದ ಕವಾಟ ಹಿಗ್ಗಿಸಿಕೊಂಡು ಬಂದವರು ನಮ್ಮ ಊರುಗಳಲ್ಲೂ ಇದ್ದಾರೆ. ಎಷ್ಟೋ ಹೆಂಗಸರಿಗೆ ಇದು ಗೊತ್ತಾಗುವುದೇ ಮೊದಲ ಬಸಿರಿನಲ್ಲಿ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದಾಗ.

ಆದರೆ ಸಾಲಿನ ಜೀವವಿರುವುದು ‘ಸುಪ್ತ’ ಎಂಬ ಪದದಲ್ಲಿ. ಈ ಮಕ್ಕಳಿಗೆ ಏದುಸಿರಿಲ್ಲ, ಎದೆನೋವಿಲ್ಲ. ಶಾಲೆಗೆ ಹೋಗುತ್ತಾರೆ, ಚೆಂಡಿನ ಹಿಂದೆ ಓಡುತ್ತಾರೆ. ಎಕೋ ಯಂತ್ರದ ತೆರೆಯ ಮೇಲೆ ಮಾತ್ರ ಕವಾಟ ತುಸು ಬೇರೆಯಾಗಿ ಕಾಣುತ್ತದೆ. ಕಾಯಿಲೆಯೆಂದು ತಾಯಿಗೇ ಅನಿಸದ ಮಗುವಿಗೆ ಚಿಕಿತ್ಸೆ ಬೇಕೇ ಎಂಬುದೇ ಇಲ್ಲಿನ ಪ್ರಶ್ನೆ.

3. 1,02,200 ಮಕ್ಕಳ ತಪಾಸಣೆಯಾಯಿತು. 3,327 ಮಕ್ಕಳಲ್ಲಿ ಸಂಶಯ ಬಂತು. 926 ಮಕ್ಕಳಲ್ಲಿ ರೋಗ ಖಚಿತವಾಯಿತು. 818 ಮಕ್ಕಳು ಲೆಕ್ಕಕ್ಕೆ ಸಿಕ್ಕರು.

ಓದಲು ಒಂದೇ ಉಸಿರು ಸಾಕು. ಮಾಡಲು? ಲಕ್ಷಕ್ಕೂ ಮೀರಿದ ಮಕ್ಕಳ ಎದೆಯ ಮೇಲೆ ಒಂದೊಂದಾಗಿ ಎಕೋ ಕಡ್ಡಿ ಇಟ್ಟು ನೋಡಿದ್ದಾರೆ. ಸುಮಾರು 110 ಮಕ್ಕಳನ್ನು ನೋಡಿದರೆ ಒಬ್ಬರಲ್ಲಿ ರೋಗ. ಇನ್ನೊಂದು ಲೆಕ್ಕವೂ ಇದೆ: ಮೊದಲ ನೋಟಕ್ಕೆ ಸಂಶಯ ಬಂದವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಮಕ್ಕಳಲ್ಲಿ ರೋಗ ಖಚಿತವಾಗಲೇ ಇಲ್ಲ. ಆ ಮನೆಗಳು ಫಲಿತಾಂಶ ಬರುವ ತನಕ ದಿನ ಹೇಗೆ ದೂಡಿದವೋ, ಅದಕ್ಕೆ ಸಾರಾಂಶದಲ್ಲಿ ಜಾಗವಿಲ್ಲ.

4. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್, ಇನ್ನೊಂದಕ್ಕೆ ಏನೂ ಇಲ್ಲ. ಹೀಗೆ ಎರಡು ವರ್ಷ.

ಪೆನಿಸಿಲಿನ್ ಎಂದರೆ ಇಲ್ಲಿ ಬೆಂಜಥೀನ್ ಪೆನಿಸಿಲಿನ್. ನಮ್ಮಲ್ಲಿ ಹಳೆಯ ರೋಗಿಗಳು ‘ಪೆನಿಡ್ಯೂರ್’ ಅನ್ನುವ ಇಂಜೆಕ್ಷನ್. ಹಾಲಿನಂಥ ದಪ್ಪ ಔಷಧ. ಸ್ನಾಯುವಿಗೆ ಆಳವಾಗಿ ಚುಚ್ಚಬೇಕು. ನೋವೆಂದರೆ ನೋವು, ಕುಂಟಿಕೊಂಡು ಮನೆಗೆ ಹೋಗುವಷ್ಟು. ಮೆಲ್ಲಗೆ ಕರಗಿ ರಕ್ತಕ್ಕೆ ಇಳಿಯುತ್ತ ವಾರಗಟ್ಟಲೆ ಗಂಟಲನ್ನು ಕಾಯುತ್ತದೆ. ಕೆಟ್ಟ ಕವಾಟವನ್ನು ಅದು ರಿಪೇರಿ ಮಾಡುವುದಿಲ್ಲ, ಮುಂದಿನ ಪೆಟ್ಟು ಬೀಳದಂತೆ ತಡೆಯುತ್ತದೆ ಅಷ್ಟೆ.

‘ಏನೂ ಇಲ್ಲ’ ಎಂಬಲ್ಲಿ ಓದುಗರ ಮನಸ್ಸು ಮುದುಡುವುದು ಸಹಜ. ರೋಗ ಗೊತ್ತಿದ್ದೂ ಔಷಧ ಕೊಡದಿರುವುದು ಅನ್ಯಾಯವಲ್ಲವೇ? ನನಗೂ ಹಾಗೆ ಅನಿಸಿತ್ತು. ಕೀಲು ಬಾತುಕೊಳ್ಳುವ ರುಮ್ಯಾಟಿಕ್ ಜ್ವರ ಬಂದು ಹೋದ ಮಕ್ಕಳಿಗೆ ಈ ಇಂಜೆಕ್ಷನ್ ಬೇಕೆಂಬುದು ದಶಕಗಳಿಂದ ತಿಳಿದ ವಿಷಯ. ಸುಪ್ತ ಹಂತದಲ್ಲಿ ಇದು ಉಪಕಾರವೋ ಬರೀ ನೋವೋ ಎಂಬುದಕ್ಕೆ ಮಾತ್ರ ಅಲ್ಲಿಯವರೆಗೆ ಗಟ್ಟಿ ಪುರಾವೆ ಇರಲಿಲ್ಲ. ಹಾಗಿರುವಾಗ ಎಲ್ಲರಿಗೂ ಚುಚ್ಚಿದ್ದರೆ ಅದೂ ಪ್ರಯೋಗವೇ ಆಗುತ್ತಿತ್ತು, ಲೆಕ್ಕವಿಡದ ಪ್ರಯೋಗ. ಎರಡನೆಯ ಗುಂಪಿಗೆ ನೀರಿನ ಸೂಜಿ ಚುಚ್ಚಿ ನಂಬಿಸುವ ಕೆಲಸವನ್ನೂ ಇವರು ಮಾಡಲಿಲ್ಲ. ಬದಲಿಗೆ ಎಕೋ ಚಿತ್ರ ನೋಡಿ ತೀರ್ಪು ಕೊಡುವ ತಜ್ಞರಿಗೆ ಯಾವ ಮಗು ಯಾವ ಗುಂಪಿನದೆಂದು ತಿಳಿಯದಂತೆ ನೋಡಿಕೊಂಡರು. ಇದು ನನಗೆ ಮೆಚ್ಚುಗೆಯಾದ ಜಾಗ.

5. ಎರಡು ವರ್ಷದ ಕೊನೆಗೆ ಇಂಜೆಕ್ಷನ್ ಪಡೆದವರಲ್ಲಿ 3 ಮಕ್ಕಳ, ಪಡೆಯದವರಲ್ಲಿ 33 ಮಕ್ಕಳ ಕವಾಟ ಇನ್ನಷ್ಟು ಕೆಟ್ಟಿತ್ತು.

ಶೇಕಡಾವಾರು 0.8 ಮತ್ತು 8.2. ಪತ್ರಿಕೆಯ ತಲೆಬರಹ ಬರೆಯುವವರು ‘ಹತ್ತು ಪಟ್ಟು ಕಡಿಮೆ’ ಎಂದು ಹಾರಿಬಿಡುತ್ತಾರೆ, ಸುಳ್ಳಲ್ಲ. ಅದೇ ಸಾಲನ್ನು ತಿರುಗಿಸಿ ಹಿಡಿದರೆ, ಇಂಜೆಕ್ಷನ್ ಇಲ್ಲದ ಗುಂಪಿನಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಸ್ಥಿತಿ ಕೆಡಲಿಲ್ಲ. ಗುಣಿಸಿ ನೋಡೋಣ. ಒಂದು ಮಗುವಿನ ಕವಾಟ ಉಳಿಸಲು ಸುಮಾರು 13 ಮಕ್ಕಳಿಗೆ ಇಂಜೆಕ್ಷನ್ ಕೊಡಬೇಕು. ನಾಲ್ಕು ವಾರಕ್ಕೊಂದರಂತೆ ಎರಡು ವರ್ಷಕ್ಕೆ 26. ಒಟ್ಟು 338 ಚುಚ್ಚುಗಳು. ಕವಾಟ ಪೂರ್ತಿ ಕೆಟ್ಟ ಮೇಲೆ ಎದೆ ಸೀಳಿ ಬೇರೆ ಕವಾಟ ಕೂರಿಸಬೇಕು, ಉಗಾಂಡಾದ ಹಳ್ಳಿಯ ಮಗುವಿಗೆ ಆ ಭಾಗ್ಯ ಸಿಗುವುದೂ ದುರ್ಲಭ. ಹಾಗಾಗಿ 338 ನನಗೆ ದುಬಾರಿ ಅನಿಸುವುದಿಲ್ಲ. ಚುಚ್ಚಿಸಿಕೊಳ್ಳುವ ತೊಡೆ ನನ್ನದಲ್ಲ ಎಂಬುದೂ ನೆನಪಿದೆ.

6. ಇಂಜೆಕ್ಷನ್‌ನಿಂದ ಗಂಭೀರ ತೊಂದರೆಯಾದದ್ದು ಇಬ್ಬರಿಗೆ.

ಪೆನಿಸಿಲಿನ್ ಎಂದರೆ ಎಲ್ಲರೂ ಹೆದರುವುದು ಅಲರ್ಜಿಗೆ. ಈ ಇಬ್ಬರಲ್ಲಿ ಒಬ್ಬರಿಗೆ ಆದದ್ದೂ ಅದೇ, ಸೌಮ್ಯ ರೂಪದಲ್ಲಿ. ಕೊಟ್ಟ ಒಟ್ಟು ಡೋಸುಗಳ ಲೆಕ್ಕದಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಇಂಥ ಅಧ್ಯಯನದಲ್ಲಿ ತಾರೀಕು ತಪ್ಪದಂತೆ ಕಾಯುವ ದಾದಿಯರಿರುತ್ತಾರೆ, ಅಲರ್ಜಿಯಾದರೆ ಕೈಯಳತೆಯಲ್ಲೇ ಔಷಧವಿರುತ್ತದೆ. ಮಳೆಗೆ ದಾರಿ ಕಡಿದುಹೋದ ಊರಿನ ಆರೋಗ್ಯ ಕೇಂದ್ರದಲ್ಲಿ ಇದೇ ಅಂಕಿ ಬರುತ್ತದೆಯೇ? ಇನ್ನು, ಏಳು ವರ್ಷಕ್ಕೆ ಸೇರಿದ ಮಗುವಿಗೆ ಅಧ್ಯಯನ ಮುಗಿಯುವಾಗ ಒಂಬತ್ತು. ಗಂಟಲುನೋವಿನ ವಯಸ್ಸು ಇನ್ನೂ ಕಳೆದಿಲ್ಲ. ಇಪ್ಪತ್ತೇಳನೆಯ ಇಂಜೆಕ್ಷನ್ ಕೊಡಬೇಕೇ ಬೇಡವೇ ಎಂದು ತಾಯಿ ಕೇಳಿದರೆ, ಈ ಆರು ಸಾಲುಗಳಲ್ಲಿ ಉತ್ತರವಿಲ್ಲ.