ದರದ ಮೆಸೇಜಿಗೆ ತಾರೀಖಿಲ್ಲ

ಕೊಯ್ಲು ಮುಗಿಯುವ ಹೊತ್ತಿಗೆ ಮೂಡಿಗೆರೆ, ಕಳಸದ ಕಡೆಯ ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ದರದ ಮೆಸೇಜುಗಳದ್ದೇ ಓಡಾಟ. ಅರೇಬಿಕಾ ಪಾರ್ಚ್‌ಮೆಂಟ್ (ಎಪಿ) ಇಷ್ಟು, ಅರೇಬಿಕಾ ಚೆರ್ರಿ (ಎಸಿ) ಇಷ್ಟು, ರೊಬಸ್ಟಾದ ಆರ್‌ಪಿ ಇಷ್ಟು, ಆರ್‌ಸಿ ಔಟ್‌ಟರ್ನಿಗೆ (ಓಟಿ) ಇಷ್ಟು. ಯಾವ ಕಾಫಿ ಕ್ಯೂರಿಂಗ್ ಘಟಕದವರು ಕೊಟ್ಟ ದರ, ಯಾವ ದಿನದ್ದು ಎಂಬುದು ಎರಡನೇ ಫಾರ್ವರ್ಡಿಗೇ ಉದುರಿಹೋಗಿರುತ್ತದೆ. ಮೊನ್ನೆಯ ದರ ಇವತ್ತಿನದೆಂದು ನಂಬಿ ಮೂಟೆ ಲೋಡು ಮಾಡಿಸಿದವನು ವ್ಯಾಪಾರಿಯ ಜೊತೆ ಜಗಳಕ್ಕೆ ನಿಲ್ಲುತ್ತಾನೆ.

ಈ ಕಾಯಿಲೆಗೆ ಮದ್ದು 1999ರಿಂದಲೂ ಇದೆ. ಆರ್‌ಎಸ್‌ಎಸ್ ಫೀಡು ಅದು. ಜಾಲತಾಣವೊಂದು ತಾನು ಹೊಸದಾಗಿ ಹಾಕಿದ್ದನ್ನೆಲ್ಲ ಒಂದು ಗೊತ್ತಾದ ವಿಳಾಸದಲ್ಲಿ ಪಟ್ಟಿ ಮಾಡಿಡುತ್ತದೆ. ಒಂದೊಂದಕ್ಕೂ ತಲೆಬರಹ, ಕೊಂಡಿ, ಪ್ರಕಟವಾದ ದಿನ, ಗಂಟೆ, ನಿಮಿಷ. ಓದುಗ ಆ ವಿಳಾಸವನ್ನು ಫೋನಿನ ರೀಡರ್ ಆ್ಯಪಿಗೆ ಕೊಟ್ಟರೆ ಅದು ಆಗಾಗ ಹೋಗಿ ನೋಡಿ ಹೊಸದನ್ನು ತಂದಿಡುತ್ತದೆ. ಫೋನ್ ನಂಬರು ಕೊಡಬೇಕಿಲ್ಲ, ಗುಂಪಿಗೆ ಸೇರಬೇಕಿಲ್ಲ, ಬೇಡವಾದರೆ ಅಳಿಸಿದರಾಯಿತು. ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ ಹೋಗಬೇಕೆಂದು ನಡುವೆ ಕೂತು ತೀರ್ಮಾನಿಸುವ ದಲ್ಲಾಳಿಯೂ ಇಲ್ಲ. ದಲ್ಲಾಳಿಗಳನ್ನು ಚೆನ್ನಾಗಿ ಬಲ್ಲ ಈ ಸೀಮೆಗೆ ಅದೇನು ಸಣ್ಣ ಮಾತಲ್ಲ.

ತೊಂಬತ್ತರ ದಶಕದ ಮಧ್ಯದ ತನಕ ಇಲ್ಲಿನವರಿಗೆ ದಿನದ ದರದ ಗೊಡವೆಯೇ ಇರಲಿಲ್ಲ. ಬೆಳೆಯನ್ನು ಕಾಫಿ ಬೋರ್ಡಿನ ಒಟ್ಟು ಸಂಗ್ರಹಕ್ಕೆ (ಪೂಲಿಗೆ) ಹಾಕಿದರೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಮುಕ್ತ ಮಾರಾಟ ಬಂದ ಮೇಲೆ ಲಂಡನ್ನಿನ ರೊಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ಆಲ್ದೂರಿನ ಕಟ್ಟೆಯ ಮಾತಾದವು. ಬೋರ್ಡು ತನ್ನ ತಾಣದಲ್ಲಿ ದರ ಪ್ರಕಟಿಸುತ್ತದೆ ನಿಜ. ಆದರೆ ಅದು ಹೆಚ್ಚಿನವರ ಕೈ ಸೇರುವುದು ಯಾರೋ ಅಂಚು ಕತ್ತರಿಸಿ ಕಳಿಸಿದ ಸ್ಕ್ರೀನ್‌ಶಾಟ್ ಆಗಿ. ತಾರೀಖಿದ್ದದ್ದು ಆ ಅಂಚಿನಲ್ಲೇ.

ಹಾಗಾದರೆ ಫೀಡು ಇಲ್ಲಿ ಯಾಕೆ ಬೇರೂರಲಿಲ್ಲ? ಫೀಡು ಓದಲು ಬಹುಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿದ್ದನ್ನೇ ಎಲ್ಲರೂ ದೂರುತ್ತಾರೆ. ಕನ್ನಡದ ಮಟ್ಟಿಗೆ ಅದು ಅರ್ಧ ಕಾರಣ. ಫೀಡಿಗೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರಸಂಕೇತ ಬೇಕು. ನಮ್ಮ ಎಷ್ಟೋ ತಾಣಗಳು ಬಹುಕಾಲ ತಮ್ಮದೇ ಫಾಂಟುಗಳಿಗೆ ಅಂಟಿಕೊಂಡಿದ್ದವು. ಆ ಅಕ್ಷರ ಫೀಡಿಗೆ ಬಂದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಂಪ್ಯೂಟರಿನಲ್ಲಿ ಕನ್ನಡ ಉಳಿಯಬೇಕೆಂದು ಮೂಡಿಗೆರೆಯ ತೋಟದಲ್ಲಿ ಕೂತು ತಲೆಕೆಡಿಸಿಕೊಂಡಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಂಡಾಗಲೂ ಈ ಗೋಳು ಮುಗಿದಿರಲಿಲ್ಲ.

ಅಕ್ಷರ ಸರಿಹೋದ ಮೇಲೆ ಜಿಪುಣತನ ಶುರುವಾಯಿತು. ಫೀಡಿನಲ್ಲಿ ತಲೆಬರಹ, ಎರಡು ಸಾಲು, ಮುಂದಕ್ಕೆ ಮೂರು ಚುಕ್ಕೆ. ಉಳಿದದ್ದು ಓದಬೇಕೆಂದರೆ ತಾಣಕ್ಕೇ ಬಂದು ಜಾಹೀರಾತು ನೋಡಬೇಕು. ಬೆಂಗಳೂರಿನಲ್ಲಿ ಕೂತವನಿಗೆ ಇದು ಕಿರಿಕಿರಿ ಅಷ್ಟೇ. ಸಂಸೆಯ ಗುಡ್ಡದ ಮಗ್ಗುಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತವನಿಗೆ ಆ ಪುಟ ತೆರೆಯುವುದೇ ಇಲ್ಲ. ಇಡೀ ಬರಹವನ್ನು ಫೀಡಿನಲ್ಲೇ ಕೊಟ್ಟರೆ ಕಳಸದ ಪೇಟೆಗೆ ಬಂದಾಗ ಎಲ್ಲವೂ ಫೋನಿಗಿಳಿದು, ಮನೆಗೆ ಹೋಗಿ ನೆಟ್‌ವರ್ಕ್ ಇಲ್ಲದೆ ಓದಬಹುದು. ಪಾಡ್‌ಕಾಸ್ಟುಗಳು ಮಾಡುವುದು ಇದನ್ನೇ. ಅವುಗಳ ಕಂತು ಹೊತ್ತು ತರುವುದೂ ಆರ್‌ಎಸ್‌ಎಸ್ಸೇ, ಕೇಳುವವರಿಗೆ ಗೊತ್ತಿಲ್ಲ ಅಷ್ಟೆ. ತಪ್ಪು ಓದುಗನದಲ್ಲ, ಪ್ರಕಟಿಸುವವರದು ಎಂದು ನಾನು ಹೇಳುವುದು ಇದಕ್ಕೇ.

ದರಕ್ಕಿಂತ ಮಳೆಯ ಮುನ್ನೆಚ್ಚರಿಕೆಗಳ ವಿಷಯ ಇನ್ನೂ ಗಂಭೀರ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ತಾಣ ಎಚ್ಚರಿಕೆಗಳನ್ನು ಫೀಡಾಗಿಯೇ ಕೊಡುತ್ತದೆ. ಅದರ ಪದ್ಧತಿಯಲ್ಲಿ ಜಾರಿಯಾದ ಸಮಯದ ಜೊತೆಗೆ ಅವಧಿ ಮುಗಿಯುವ ಸಮಯವೂ ಇರುತ್ತದೆ. ಮುಗಿಯುವ ಸಮಯ! ಗುಂಪಿಗೆ ಬರುವ ಆರೆಂಜ್ ಅಲರ್ಟಿನ ಚಿತ್ರಕ್ಕೆ ಸಾವೇ ಇಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತ್ತು. ಅಂಥ ಹಳೆಯ ಚಿತ್ರ ಹೊಸ ಮಳೆಗಾಲದಲ್ಲಿ ಎದ್ದು ಬಂದರೆ ಕೊಟ್ಟಿಗೆಹಾರದಿಂದ ಕೆಳಗಿಳಿಯಬೇಕಾದವನು ಯಾವುದನ್ನು ನಂಬಬೇಕು?

ಆದರೆ ಫೀಡಿನ ಭಕ್ತರಿಗೂ ಒಂದು ಮಾತು ಹೇಳಬೇಕು. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂವರಳಿಸುವ ಹೂಮಳೆ ಬಂದ ಸಂಜೆ ಗುಂಪು ತೆರೆದು ನೋಡಿ. ಬಾಳೂರು 80 ಸೆಂಟ್ಸ್ (ಇಂಚಿನ ನೂರರಲ್ಲಿ ಎಂಬತ್ತು ಪಾಲು), ಬಣಕಲ್ ಒಂದು ಇಂಚು, ಗೋಣಿಬೀಡಿಗೆ ಬರೀ ಗುಡುಗು. ತನ್ನ ತೋಟಕ್ಕೆ ಬಿದ್ದದ್ದು ಸಾಲದಿದ್ದರೆ ರೊಬಸ್ಟಾಕ್ಕೆ ರಾತ್ರಿಯೇ ಸ್ಪ್ರಿಂಕ್ಲರ್ ಜೋಡಿಸಬೇಕು, ಪಕ್ಕದೂರಿನ ಲೆಕ್ಕ ಅದಕ್ಕೆ ಬೇಕು. ‘ಅಣ್ಣಾ, ನಿಮ್ ಕಡೆ ಆಲಿಕಲ್ಲು ಬಿತ್ತಾ?’ ಎಂದು ಕೇಳಿದರೆ ಆ ಕ್ಷಣವೇ ಉತ್ತರವೂ ಬರುತ್ತದೆ. ಫೀಡು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಈ ಕೆಲಸವನ್ನು ಅದಕ್ಕೆ ಒಪ್ಪಿಸಬೇಕೆಂದರೆ ಅಂಗಳದಲ್ಲಿ ಮಳೆ ಮಾಪಕ ಇಟ್ಟುಕೊಂಡ ಪ್ರತಿಯೊಬ್ಬ ಬೆಳೆಗಾರನೂ ಒಂದೊಂದು ಜಾಲತಾಣ ನಡೆಸಬೇಕು. ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.